ಕಡಲಿನ ದಡಾರ

ಡಾಲ್ಫಿನ್ ಮೀನಲ್ಲ, ಮನುಷ್ಯನಂತೆ ಶ್ವಾಸಕೋಶದಿಂದ ಉಸಿರಾಡುವ ಸಸ್ತನಿ. ಆದುದರಿಂದಲೇ ಉಸಿರಿನ ಮೂಲಕ ಹರಡುವ ರೋಗಗಳು ಅದನ್ನೂ ಬಿಟ್ಟಿಲ್ಲ.

1987-88ರಲ್ಲಿ ಅಮೆರಿಕದ ಅಟ್ಲಾಂಟಿಕ್ ಕರಾವಳಿಯಲ್ಲಿ 700ಕ್ಕೂ ಹೆಚ್ಚು ಬಾಟಲ್‌ನೋಸ್ ಡಾಲ್ಫಿನ್‌ಗಳು ದಡ ಸೇರಿದವು. ಸೂಕ್ಷ್ಮಪಾಚಿಯ ವಿಷವೇ ಕಾರಣವೆಂದು ವಿಜ್ಞಾನಿಗಳು ಮೊದಲು ಭಾವಿಸಿದರು. ಆದರೆ ಕಾದಿರಿಸಿದ್ದ ಅಂಗಾಂಶಗಳನ್ನು 1990ರ ದಶಕದಲ್ಲಿ ಮರಳಿ ಪರೀಕ್ಷಿಸಿದಾಗ ಮಾರ್ಬಿಲಿ ವೈರಾಣುವಿನ ಕುರುಹು ದೊರೆಯಿತು. ಮಕ್ಕಳ ದಡಾರ, ನಾಯಿಗಳ ಡಿಸ್ಟೆಂಪರ್, 2011ರಲ್ಲಿ ಜಗತ್ತಿನಿಂದಲೇ ನಿರ್ಮೂಲವಾಯಿತೆಂದು ಸಾರಲಾದ ದನಗಳ ದೊಡ್ಡರೋಗ ಇವೆಲ್ಲವೂ ಇದೇ ಕುಲದ ವೈರಾಣುಗಳಿಂದ ಬರುವಂಥವು.

ಈ ವೈರಾಣು ಶ್ವಾಸಕೋಶ ಹಾಗೂ ಮಿದುಳನ್ನು ಬಾಧಿಸುತ್ತದೆ. ರೋಗನಿರೋಧಕ ಶಕ್ತಿಯನ್ನು ಕುಗ್ಗಿಸಿ ಇತರ ಸೋಂಕುಗಳಿಗೂ ಎಡೆಮಾಡುತ್ತದೆ. ಡಾಲ್ಫಿನ್‌ಗಳು ಗುಂಪಾಗಿ ಬಾಳುತ್ತವೆ; ಅಕ್ಕಪಕ್ಕದಲ್ಲಿಯೇ ನೀರಿನ ಮೇಲೆದ್ದು ಉಸಿರು ಬಿಡುತ್ತವೆ. ಅವುಗಳನ್ನು ಕಾಯುವ ಒಡನಾಟವೇ ರೋಗಕ್ಕೆ ಹಾದಿಯಾಗುತ್ತದೆ.

ಸೋಂಕನ್ನು ಗೆದ್ದು ಉಳಿದವುಗಳಿಗೆ ನಿರೋಧಕ ಶಕ್ತಿ ಲಭಿಸುತ್ತದೆ. ಆದರೆ ಅವು ಅಳಿದು, ಸೋಂಕನ್ನೇ ಕಾಣದ ಪೀಳಿಗೆ ಬೆಳೆದಂತೆ ಹಿಂಡಿನ ರಕ್ಷಣೆ ಕ್ಷೀಣಿಸುತ್ತದೆ. 2013ರಿಂದ 2015ರವರೆಗೆ ಅದೇ ಕರಾವಳಿಯಲ್ಲಿ ರೋಗ ಮರುಕಳಿಸಿ 1,600ಕ್ಕೂ ಹೆಚ್ಚು ಡಾಲ್ಫಿನ್‌ಗಳು ದಡಕ್ಕೆ ಬಿದ್ದವು.

ದಡಾರಕ್ಕೆ ಮಕ್ಕಳಿಗೆ ಲಸಿಕೆಯುಂಟು. ಕಡಲಲ್ಲಿ ಅಲೆಯುವ ಹಿಂಡುಗಳಿಗೆ ಲಸಿಕೆ ಹಾಕುವುದು ಸುಲಭಸಾಧ್ಯವಲ್ಲ. ಆದುದರಿಂದ ದಡಕ್ಕೆ ಬಂದ ಪ್ರತಿಯೊಂದು ಕಳೇಬರವನ್ನೂ ಪರೀಕ್ಷಿಸಿ, ಅದರ ಅಂಗಾಂಶಗಳನ್ನು ಕಾದಿರಿಸುವುದು ಅಗತ್ಯ. 1987ರ ಸಾವುಗಳ ಹಿಂದಿನ ಸತ್ಯ ಬೆಳಕಿಗೆ ಬಂದುದು ಅಂತಹ ಕಾದಿರಿಸುವಿಕೆಯಿಂದಲೇ.