ತಂತಿಯಿಲ್ಲದ ಮೌಸು: ಕೊಳ್ಳುವ ಮುನ್ನ ನೋಡತಕ್ಕ ವಿಷಯಗಳು

ನಮ್ಮ ವಾಚನಾಲಯಕ್ಕೆ ಬರುವ ಬಂಧುಗಳಲ್ಲಿ ಕಾರಖಾನೆಯ ಲೆಕ್ಕ, ಗೋದಾಮಿನ ಪಟ್ಟಿ, ಬಿಲ್ಲು ಬರೆಯುವುದು ಮೊದಲಾದ ಕೆಲಸದವರು ಅನೇಕರು. ಈಗ ಆ ಕೆಲಸವೆಲ್ಲ ಕಂಪ್ಯೂಟರಿನಲ್ಲಿ. ಕೆಲವರು ಲ್ಯಾಪ್‌ಟಾಪನ್ನು ಹೆಗಲಿಗೇರಿಸಿ ದಿನವೂ ಕಳವಾದಿಂದ ಸ್ಲೋ ಲೋಕಲ್ ಹತ್ತುವವರು. ಲ್ಯಾಪ್‌ಟಾಪಿನ ಸಣ್ಣ ಪಟ್ಟಿಯ ಮೇಲೆ ದಿನವಿಡೀ ಬೆರಳೆಳೆಯುವುದು ಕಷ್ಟವಾದುದರಿಂದ ಮೌಸು ಬೇಕು. ಚೀಲದಲ್ಲಿ ಒಯ್ಯಲು ತಂತಿಯಿಲ್ಲದ್ದೇ ಅನುಕೂಲ. ಆದರೆ ಅಂಗಡಿಯಲ್ಲಿ ಬಗೆಗಳು ಹತ್ತಾರು, ಡಬ್ಬಿಗಳ ಮೇಲೆ ದೊಡ್ಡ ದೊಡ್ಡ ಅಂಕಿಗಳು. ನಿಮ್ಮ ಯಂತ್ರ, ನಿಮ್ಮ ಕೈ, ನಿಮ್ಮ ಮೇಜು, ಈ ಮೂರನ್ನು ನೋಡಿಕೊಂಡು ಆರಿಸಿದರೆ ಹಣ ವ್ಯರ್ಥವಾಗದು.

ಈ ಸಾಧನದ ಹುಟ್ಟು ಅಮೆರಿಕದಲ್ಲಿ. ಡಗ್ಲಸ್ ಎಂಗೆಲ್‌ಬಾರ್ಟ್ ಎಂಬವರ ಕಲ್ಪನೆಯಂತೆ ಬಿಲ್ ಇಂಗ್ಲಿಷ್ ಎಂಬವರು 1964ರಲ್ಲಿ ಮೊದಲನೆಯದನ್ನು ಮಾಡಿದರು. ಅದು ಎರಡು ಚಕ್ರಗಳುಳ್ಳ ಮರದ ಡಬ್ಬಿ. 1968ರ ಡಿಸೆಂಬರ್ 9ರಂದು ಸಾನ್‌ಫ್ರಾನ್ಸಿಸ್ಕೋದಲ್ಲಿ ಅದನ್ನು ಸಾರ್ವಜನಿಕರಿಗೆ ತೋರಿಸಲಾಯಿತು. ತಂತಿ ಬಾಲದಂತೆ ಕಾಣುತ್ತಿದ್ದುದರಿಂದ ಇಲಿಯ ಹೆಸರು ಬಂದಿತೆನ್ನುತ್ತಾರೆ. ಈಗ ನಾವು ಕೊಳ್ಳಹೊರಟಿರುವುದು ಬಾಲವಿಲ್ಲದ ಇಲಿ.

ಮೊದಲು ಯಂತ್ರವನ್ನು ನೋಡಿರಿ. ತಂತಿಯಿಲ್ಲದ ಮೌಸಿನಲ್ಲಿ ಮುಖ್ಯವಾಗಿ ಎರಡು ಜಾತಿ. ಒಂದರ ಜೊತೆ ಉಗುರಿನಷ್ಟು ಗಾತ್ರದ ರಿಸೀವರ್ ಬರುತ್ತದೆ, ಅದನ್ನು ಯು.ಎಸ್.ಬಿ. ಕಿಂಡಿಗೆ ಸಿಕ್ಕಿಸಿದರೆ ಸಾಕು, ಕೆಲಸ ಆರಂಭ. ಹಳೆಯ ಕಂಪ್ಯೂಟರಿಗೂ ಇದು ಒಗ್ಗುತ್ತದೆ. ಆದರೆ ಆ ತುಣುಕು ಕಳೆದರೆ ಅಗ್ಗದ ಮೌಸು ಬಹುಮಟ್ಟಿಗೆ ನಿರುಪಯೋಗಿ. ಆದುದರಿಂದ ಅದನ್ನಿಡಲು ಮೌಸಿನ ಹೊಟ್ಟೆಯಲ್ಲಿಯೇ ಗೂಡು ಇರುವುದನ್ನು ಆರಿಸಿರಿ. ಎರಡನೆಯ ಜಾತಿ ಬ್ಲೂಟೂತಿನದು. ಇದಕ್ಕೆ ರಿಸೀವರ್ ಬೇಡ. ಸಾಮಾನ್ಯವಾಗಿ ಮೊಬೈಲಿಗೂ ಜೋಡಿಸಬಹುದು. ಆದರೆ ಕಚೇರಿಯ ಹಳೆಯ ಕಂಪ್ಯೂಟರುಗಳಲ್ಲಿ ಬ್ಲೂಟೂತ್ ಇಲ್ಲದಿರುವುದುಂಟು. ಹೊಸ ಲ್ಯಾಪ್‌ಟಾಪುಗಳಲ್ಲಿ ಕೆಲವಕ್ಕೆ ಟೈಪ್-ಸಿ ಕಿಂಡಿ ಮಾತ್ರ ಇದ್ದು, ಸಾಮಾನ್ಯ ರಿಸೀವರ್ ಅಲ್ಲಿ ಹೊಗದು. ಎರಡೂ ಕಡೆ ಕೆಲಸವಿರುವವರು ಎರಡೂ ವಿಧಾನಗಳುಳ್ಳ ಮೌಸು ಕೊಳ್ಳುವುದು ಮೇಲು. ಕಚೇರಿಯಲ್ಲಿ ಹೊರಗಿನ ಸಾಮಾನು ಸಿಕ್ಕಿಸಲು ಅನುಮತಿ ಇದೆಯೇ ಎಂದು ಮೊದಲೇ ಕೇಳಿಕೊಳ್ಳಿರಿ.

ಡಬ್ಬಿಯ ಮೇಲಿನ ದೊಡ್ಡ ಅಂಕಿ ಡಿ.ಪಿ.ಐ. ಎಂಬುದು. 1000 ಎಂದಿದ್ದರೆ, ಮೌಸು ಒಂದು ಅಂಗುಲ ಸರಿದಾಗ ಪರದೆಯ ಬಾಣ ಸಾಧಾರಣವಾಗಿ 1000 ಚುಕ್ಕೆ ಸರಿಯುತ್ತದೆ. ಪರದೆಯ ಅಗಲ 1920 ಚುಕ್ಕೆಯಾದರೆ ಸುಮಾರು ಎರಡಂಗುಲ ಕೈಯಾಡಿಸಿದಾಗ ಈ ತುದಿಯಿಂದ ಆ ತುದಿಗೆ ತಲಪಿತು. 4000 ಆದರೆ ಅರ್ಧ ಅಂಗುಲಕ್ಕೇ ಬಾಣ ಆಚೆ ಹಾರುತ್ತದೆ. ಲೆಕ್ಕದ ಹಾಳೆಯ ಸಣ್ಣ ಮನೆಯಲ್ಲಿ ಅದನ್ನು ನಿಲ್ಲಿಸುವುದೇ ಪ್ರಯಾಸ. ನಮ್ಮ ಕೆಲಸಕ್ಕೆ 800ರಿಂದ 1600ರವರೆಗೆ ಧಾರಾಳವಾಯಿತು. ಹೆಚ್ಚಿನ ಅಂಕಿಗೆ ಹೆಚ್ಚು ಬೆಲೆ ತೆರಬೇಕಾಗಿಲ್ಲ.

ಇನ್ನು ಕೈ. ಚೀಲಕ್ಕೆ ಹಗುರವೆಂದು ತೀರ ಚಿಕ್ಕದನ್ನು ಕೊಂಡರೆ ಬೆರಳು ಮುದುಡಿಕೊಂಡೇ ದಿನ ಕಳೆಯಬೇಕು. ಅಂಗಡಿಯಲ್ಲಿಯೇ ಹಿಡಿದು ನೋಡಿರಿ: ಅಂಗೈ ಅದರ ಬೆನ್ನ ಮೇಲೆ ಒರಗಬೇಕು, ಮಣಿಕಟ್ಟು ನೆಟ್ಟಗಿರಬೇಕು. ಎಡಗೈಯವರು ಎರಡು ಮಗ್ಗುಲೂ ಒಂದೇ ಆಕಾರವಿರುವುದನ್ನು ಕೇಳಿರಿ. ಟ್ಯಾಲಿಯಲ್ಲಿ ಲೆಕ್ಕ ಬರೆಯುವವರು ಬಹಳಷ್ಟು ಕೆಲಸವನ್ನು ಕೀಲಿಗಳಿಂದಲೇ ಮುಗಿಸಬಹುದು. ಅಷ್ಟರಮಟ್ಟಿಗೆ ಮಣಿಕಟ್ಟಿಗೆ ವಿಶ್ರಾಂತಿ. ಒಂದೇ ಕೋಣೆಯಲ್ಲಿ ರಾತ್ರಿ ಪಾಳಿ ಮುಗಿಸಿದವರು ಮಲಗಿರುವಾಗ ಕೆಲಸ ಮಾಡಬೇಕಾದವರಿಗೆ ಸದ್ದು ಮಾಡದ ಗುಂಡಿಯ ಮೌಸೂ ದೊರೆಯುತ್ತದೆ.

ಮೇಜಿನ ವಿಷಯ. ಮೌಸಿನ ಕೆಳಗಿರುವ ಪುಟ್ಟ ಕಣ್ಣು ಮೇಜಿನ ಮೇಲ್ಮೈಯ ಚಿತ್ರವನ್ನು ಸೆಕೆಂಡಿಗೆ ಸಾವಿರಕ್ಕೂ ಹೆಚ್ಚು ಸಲ ತೆಗೆದು, ಹಿಂದಿನದರೊಡನೆ ಹೋಲಿಸಿ, ಎಷ್ಟು ಸರಿದೆನೆಂದು ತಿಳಿಯುತ್ತದೆ. ಗಾಜಿನ ಮೇಲೆ ಗುರುತೇನೂ ಕಾಣದುದರಿಂದ ಸಾಧಾರಣ ಮೌಸು ಅಲ್ಲಿ ತಡವರಿಸುತ್ತದೆ. ಕೆಳಗೊಂದು ಕಾಗದ ಹಾಸಿದರೆ ಸಾಕು. ರಿಸೀವರಿನ ಪಕ್ಕದ ಕಿಂಡಿಯಲ್ಲಿ ಯು.ಎಸ್.ಬಿ. 3.0 ಡಿಸ್ಕು ಸಿಕ್ಕಿಸಿದಾಗ ಬಾಣ ಎಡವುವುದುಂಟು. ರಿಸೀವರನ್ನು ದೂರದ ಕಿಂಡಿಗೆ ಬದಲಾಯಿಸಿರಿ.

ಶಕ್ತಿಗೆ ಸೆಲ್ಲೋ, ಒಳಗಿನ ಬ್ಯಾಟರಿಯೋ? ಸೆಲ್ ಮುಗಿದರೆ ಯಾವ ಅಂಗಡಿಯಲ್ಲಿಯೂ ಸಿಗುತ್ತದೆ, ಎರಡು ನಿಮಿಷದ ಕೆಲಸ. ಒಳಗಿನ ಬ್ಯಾಟರಿಯನ್ನು ಚಾರ್ಜು ಮಾಡಬಹುದಾದರೂ ಕೆಲವು ವರ್ಷಗಳಲ್ಲಿ ಅದರ ಶಕ್ತಿ ಕುಂದುತ್ತದೆ, ಅಗ್ಗದ ಮೌಸಿನಲ್ಲಿ ಬದಲಾಯಿಸುವುದು ಕಷ್ಟ. ಅಡಿಯಲ್ಲಿ ನಿಲ್ಲಿಸುವ ಸ್ವಿಚ್ಚು ಇರಲೇಬೇಕು. ಇಲ್ಲವಾದರೆ ಗಾಡಿಯ ನೂಕುನುಗ್ಗಲಿನಲ್ಲಿ ಗುಂಡಿ ಒತ್ತಿ ಒತ್ತಿ ಸೆಲ್ ಬರಿದಾಗುತ್ತದೆ. ತಿಂಗಳುಗಟ್ಟಲೆ ಊರಿಗೆ ಹೋಗುವಾಗ ಸೆಲ್ ತೆಗೆದಿಡಿರಿ; ಸೋರಿದರೆ ಒಳಗಿನ ತಗಡು ತುಕ್ಕು ಹಿಡಿಯುತ್ತದೆ.

ಹಣ ಕೊಡುವ ಮುಂಚೆ ಪ್ರತಿ ಗುಂಡಿಯನ್ನು ಹತ್ತು ಸಲ ಒತ್ತಿರಿ, ಚಕ್ರವನ್ನು ಮೇಲೆ ಕೆಳಗೆ ತಿರುಗಿಸಿರಿ. ಒಮ್ಮೆ ಒತ್ತಿದಾಗ ಎರಡು ಸಲ ಒತ್ತಿದಂತಾಗುವುದು ಗುಂಡಿಯ ದೋಷ. ಡಬ್ಬಿಯ ಮೇಲೆ ತಯಾರಕರ ಅಥವಾ ಆಮದುದಾರರ ಹೆಸರು, ವಿಳಾಸ, ಎಲ್ಲ ತೆರಿಗೆಗಳೂ ಸೇರಿದ ಗರಿಷ್ಠ ಬೆಲೆ ಇರತಕ್ಕದ್ದು. ಬಿಲ್ಲು ಕೇಳಿ ಪಡೆಯಿರಿ. ಅದರ ಅಕ್ಷರ ಮಾಸಿಹೋಗುವ ಮುಂಚೆ ಮೊಬೈಲಿನಲ್ಲಿ ಚಿತ್ರ ತೆಗೆದಿಡಿರಿ. ಅಂಗಡಿಯವರು ಕೈಯೆತ್ತಿದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ 1915.

ಕೊನೆಯದಾಗಿ ಒಂದು ಮಾತು. ಎಷ್ಟೇ ಒಳ್ಳೆಯ ಮೌಸಾದರೂ ಗಂಟೆಗೊಮ್ಮೆ ಕೈ ಬಿಟ್ಟು ಬೆರಳು ಸಡಿಲಿಸಿರಿ. ಮಣಿಕಟ್ಟಿನ ನೋವು, ಬೆರಳಿನ ಜೋಮು ವಾರಗಟ್ಟಲೆ ನಿಂತರೆ ಮುಲಾಮು ಹಚ್ಚಿ ದಿನ ತಳ್ಳದೆ ವೈದ್ಯರಿಗೆ ತೋರಿಸಿರಿ. ಠಾಣೆ ಮಹಾನಗರಪಾಲಿಕೆಯ ಛತ್ರಪತಿ ಶಿವಾಜಿ ಮಹಾರಾಜ ಆಸ್ಪತ್ರೆ ನಮ್ಮ ಕಳವಾದಲ್ಲಿಯೇ ಇದೆ. ಮೌಸು ಕೆಟ್ಟರೆ ಇನ್ನೊಂದು ಕೊಳ್ಳಬಹುದು. ಊರಿಗೆ ಹಣ ಕಳುಹಿಸುವುದು ಈ ಕೈ.