ಹಲ್ಲಿನ ಡಾಕ್ಟರರ ಭಯ: ನಾಡಿ ಏನು ಹೇಳುತ್ತದೆ?

ಎತ್ತಿಗೆ ಲಾಳ ಹೊಡೆಸುವಾಗ ಅದರ ಮೂಗಿನ ಹೊಳ್ಳೆ ಅರಳುತ್ತದೆ, ಉಸಿರು ಜೋರಾಗುತ್ತದೆ. ಅದು ಹೆದರಿದೆ ಎಂದು ರೈತರಾದ ನಮಗೆ ಯಾರೂ ಹೇಳಿಕೊಡಬೇಕಿಲ್ಲ. ಆದರೆ ನಾವೇ ಹಲ್ಲಿನ ಡಾಕ್ಟರರ ಕುರ್ಚಿಯಲ್ಲಿ ಕುಳಿತಾಗ "ನನಗೇನೂ ಭಯವಿಲ್ಲ" ಎನ್ನುತ್ತೇವೆ. ಬಾಯಿ ಸುಳ್ಳು ಹೇಳಬಹುದು, ದೇಹ ಹೇಳುವುದಿಲ್ಲ.

ಕಾಯಿಲೆ ಬಿದ್ದರೆ ಮಿರಜಕ್ಕೆ ಹೋಗುವ ರೂಢಿ, ಡಾ. ವಿಲಿಯಂ ವಾನ್ಲೆಸ್ ಅಲ್ಲಿ 1894ರಲ್ಲಿ ಆಸ್ಪತ್ರೆ ಆರಂಭಿಸಿದ ಕಾಲದಿಂದ ಬಂದದ್ದು. ಇಂದು ಬುಧಗಾಂವದ ಸಮೀಪದ ಕವಲಾಪುರದಲ್ಲಿ ದಂತ ಮಹಾವಿದ್ಯಾಲಯವೇ ಇದೆ. ಹೀಗೆ ಚಿಕಿತ್ಸೆ ಹತ್ತಿರ ಬಂದರೂ ನಾವು ಲವಂಗ ಅದುಮಿಕೊಂಡು, ಕಬ್ಬಿನ ಕಟಾವು ಮುಗಿಯಲಿ, ಅರಿಶಿಣ ಮಾರಾಟವಾಗಲಿ ಎಂದು ದಿನ ತಳ್ಳುತ್ತೇವೆ. ಕೆಲಸದ ಹೊರೆ ನಿಜ. ಅದರ ಹಿಂದೆ ಅಡಗಿರುವ ಭಯವೂ ನಿಜ.

ಭಯವನ್ನು ಅಳೆಯುವುದು ಹೇಗೆ?

ಹೆದರಿದಾಗ ದೇಹದಲ್ಲಿ ಅಡ್ರಿನಾಲಿನ್ ಹೆಚ್ಚುತ್ತದೆ. ಎದೆ ಬಡಿತ ಏರುತ್ತದೆ, ರಕ್ತದೊತ್ತಡ ಹೆಚ್ಚುತ್ತದೆ, ಅಂಗೈ ಬೆವರುತ್ತದೆ, ಬೆರಳು ತಣ್ಣಗಾಗುತ್ತದೆ, ಬಾಯಿ ಒಣಗುತ್ತದೆ. ಇವುಗಳನ್ನು ಅಳೆಯಬಹುದು. ಕೊರೋನಾ ಕಾಲದಲ್ಲಿ ನಾವೆಲ್ಲ ಕಂಡ, ಬೆರಳಿಗೆ ಸಿಕ್ಕಿಸುವ ಚಿಕ್ಕ ಯಂತ್ರ ನಾಡಿಯ ವೇಗವನ್ನೂ ತೋರಿಸುತ್ತದೆ. ವಿಶ್ರಾಂತಿಯಲ್ಲಿರುವ ವಯಸ್ಕರ ನಾಡಿ ಸಾಮಾನ್ಯವಾಗಿ ನಿಮಿಷಕ್ಕೆ 60ರಿಂದ 100. ಸಂಶೋಧಕರು ಅಂಗೈಯ ಬೆವರನ್ನೂ, ಜೊಲ್ಲಿನಲ್ಲಿರುವ ಕಾರ್ಟಿಸಾಲ್ ಎಂಬ ಹಾರ್ಮೋನನ್ನೂ ಅಳೆಯುತ್ತಾರೆ.

ಆದರೆ ಅಂಕಿಯೊಂದನ್ನೇ ನಂಬುವಂತಿಲ್ಲ. ನೋವು, ಜ್ವರ, ಚಹಾ, ತಂಬಾಕು, ಬಸ್ ಹಿಡಿಯಲು ಓಡಿದ ದಣಿವು ಇವೆಲ್ಲವೂ ನಾಡಿಯನ್ನು ಏರಿಸುತ್ತವೆ. ಕಾರ್ಟಿಸಾಲ್ ಬೆಳಿಗ್ಗೆ ತಾನಾಗಿಯೇ ಹೆಚ್ಚಿರುತ್ತದೆ. ಆದ್ದರಿಂದ ಐದು ನಿಮಿಷ ಸುಮ್ಮನೆ ಕೂರಿಸಿ ಅಳೆಯಬೇಕು, ಜೊತೆಗೆ ರೋಗಿಯನ್ನು ಕೇಳಬೇಕು. ನಾರ್ಮನ್ ಕೋರಾ ಎಂಬವರು 1969ರಲ್ಲಿ ಇದಕ್ಕಾಗಿ ನಾಲ್ಕು ಪ್ರಶ್ನೆಗಳನ್ನು ಸಿದ್ಧಪಡಿಸಿದರು. 1995ರಲ್ಲಿ ಹಂಫ್ರಿಸ್ ಮತ್ತು ಸಂಗಡಿಗರು ಅದನ್ನು ತಿದ್ದಿ, ಸೂಜಿಯ ಭಯದ ಐದನೆಯ ಪ್ರಶ್ನೆ ಸೇರಿಸಿದರು. ಇದರಲ್ಲಿ 5ರಿಂದ 25 ಅಂಕ. 19 ಅಥವಾ ಹೆಚ್ಚು ಬಂದರೆ ಭಯ ತೀವ್ರವಾಗಿದೆ ಎಂದರ್ಥ.

ಅಳೆದು ಏನು ಪ್ರಯೋಜನ?

ಭಯ ತಿಳಿದರೆ ಡಾಕ್ಟರರು ಅವಸರ ಮಾಡುವುದಿಲ್ಲ. ಮೊದಲು ಹೇಳಿ, ನಂತರ ಉಪಕರಣ ತೋರಿಸಿ, ಆಮೇಲೆ ಕೆಲಸ ಮಾಡುತ್ತಾರೆ. ರಕ್ತದೊತ್ತಡ ಬಹಳ ಏರಿದ್ದರೆ ಹಲ್ಲು ಕೀಳುವುದನ್ನು ಮುಂದೂಡುತ್ತಾರೆ. ಹೆದರಿದವರು ಕೆಲವೊಮ್ಮೆ ಸೂಜಿ ಕಂಡೊಡನೆ ತಲೆ ಸುತ್ತಿ ಬೀಳುವುದುಂಟು. ಅಂಥವರನ್ನು ಮಲಗಿಸಿ ಕಾಲು ಮೇಲೆತ್ತಬೇಕು.

ನಾವು ಮಾಡಬೇಕಾದದ್ದು:

1. ಭಯವಿದ್ದರೆ ಮೊದಲೇ ಹೇಳಿರಿ. ಅದು ನಾಚಿಕೆಯ ವಿಷಯವಲ್ಲ.
2. ಬಿಪಿ, ಸಕ್ಕರೆ ಕಾಯಿಲೆ, ಹೃದ್ರೋಗದ ಮಾತ್ರೆಗಳನ್ನು ಡಾಕ್ಟರರಿಗೆ ತೋರಿಸಿರಿ, ತಾವಾಗಿಯೇ ನಿಲ್ಲಿಸಬೇಡಿರಿ.
3. ಡಾಕ್ಟರರು ಬೇಡವೆನ್ನದಿದ್ದರೆ ಸ್ವಲ್ಪ ಊಟ ಮಾಡಿ ಹೋಗಿರಿ.
4. ಬೇಡವೆನಿಸಿದರೆ ಕೈ ಎತ್ತುವೆನೆಂದು ಮೊದಲೇ ಮಾತು ಮಾಡಿಕೊಳ್ಳಿರಿ. ಉಸಿರನ್ನು ನಿಧಾನವಾಗಿ ಬಿಡಿರಿ.
5. "ಹಟ ಮಾಡಿದರೆ ಹಲ್ಲು ಕೀಳಿಸುತ್ತೇನೆ" ಎಂದು ಮಕ್ಕಳನ್ನು ಹೆದರಿಸಬೇಡಿರಿ.

ಕೊನೆಯದಾಗಿ ಒಂದು ಮಾತು. ನಮ್ಮ ಮನೆಗಳಲ್ಲಿ ಮಿಶ್ರಿ ತಿಕ್ಕುವ ತಾಯಂದಿರು, ತಂಬಾಕು ಅಗಿಯುವ ಹಿರಿಯರು ಇದ್ದಾರೆ. ಬಾಯಲ್ಲಿ ಎರಡು ವಾರ ಕಳೆದರೂ ಮಾಯದ ಹುಣ್ಣು, ಬಿಳಿ ಅಥವಾ ಕೆಂಪು ಮಚ್ಚೆ ಇದ್ದರೆ ಅದು ಕ್ಯಾನ್ಸರಿನ ಆರಂಭವಾಗಿರಬಹುದು. ನೋವಿಲ್ಲವೆಂದು ಸುಮ್ಮನಿರಬೇಡಿರಿ. ಬೇಗ ತೋರಿಸಿದರೆ ಜೀವ ಉಳಿಯುವ ಸಾಧ್ಯತೆ ಹೆಚ್ಚು. ಹೆದರಿದ ಎತ್ತಿನ ಬೆನ್ನು ಸವರಿ ಸಮಾಧಾನ ಮಾಡುವ ನಾವು, ಹೆದರಿದ ಮನೆಯವರ ಕೈ ಹಿಡಿದು ಆಸ್ಪತ್ರೆಗೆ ಕರೆದೊಯ್ಯಲಾರೆವೇ?