ಬ್ರೇಕ್‌ನಲ್ಲಿ ನಾವು ತೋರಿಸೋದು

ಕೋಲಾರ ತಾಲ್ಲೂಕಿನ ವಕ್ಕಲೇರಿಯ ಒಂದು ಅಂಗಡಿ. ಕ್ರೀಮಿನ ಸ್ಯಾಶೆಗಳು ತೋರಣದ ಥರ ನೇತಾಡ್ತಿದ್ದವು. ಅಂಗಡಿಯಮ್ಮ ನನ್ನ ಗುರುತು ಹಿಡಿದರು. "ಹೆಸರು ಬದಲಾಯ್ತು ಸಾರ್, ಕೇಳೋರು ಹಳೇ ಹೆಸರಲ್ಲೇ ಕೇಳ್ತಾರೆ" ಅಂದರು.

1975ರಲ್ಲಿ ಬಂದ ಫೇರ್ ಅಂಡ್ ಲವ್ಲಿ 2020ರಲ್ಲಿ ಗ್ಲೋ ಅಂಡ್ ಲವ್ಲಿ ಆಯ್ತು. ಅಲ್ಲೀವರೆಗೆ ಇಂಥ ಕ್ರೀಮುಗಳ ಜಾಹೀರಾತಿನ ಕಥೆ ಒಂದೇ: ಕಪ್ಪಗಿದ್ದರೆ ಕೆಲಸವೂ ಇಲ್ಲ, ಗಂಡೂ ಇಲ್ಲ, ಬೆಳ್ಳಗಾದರೆ ಎರಡೂ ಉಂಟು.

ಇದಕ್ಕೆ ಕಾನೂನು ಇಲ್ಲವಾ? ಇದೆ. 1986ರ ಕಾಯ್ದೆ ಮುಖ್ಯವಾಗಿ ಅಸಭ್ಯ ಚಿತ್ರಣವನ್ನು ತಡೆಯುತ್ತೆ. 1994ರ ಕೇಬಲ್ ಟಿವಿ ನಿಯಮಗಳು ಇನ್ನೂ ಮುಂದೆ ಹೋಗುತ್ತವೆ. ಅಲ್ಲಿನ 7ನೇ ನಿಯಮದ ಪ್ರಕಾರ, ಹೆಣ್ಣು ತಗ್ಗಿ ಬಗ್ಗಿ ನಡೆಯೋಳು, ಮನೆಯಲ್ಲೂ ಸಮಾಜದಲ್ಲೂ ಎರಡನೇ ಸ್ಥಾನದವಳು ಅಂತ ಜಾಹೀರಾತಿನಲ್ಲಿ ತೋರಿಸುವಂತಿಲ್ಲ. ಅಕ್ಷರಶಃ ಪಾಲಿಸಿದರೆ ಎಷ್ಟು ಅಡುಗೆಮನೆ ಜಾಹೀರಾತು ಉಳಿದಾವು, ನೀವೇ ಹೇಳಿ!

2022ರ ಜೂನ್‌ನಲ್ಲಿ ಅತ್ಯಾಚಾರವನ್ನೇ ಜೋಕ್ ಮಾಡಿದ್ದ ಬಾಡಿ ಸ್ಪ್ರೇ ಜಾಹೀರಾತನ್ನು ಕೇಂದ್ರ ಸರ್ಕಾರ ತೆಗೆಸಿತು. ಅದೂ ಜನ ಕೂಗಾಡಿದ ಮೇಲೆ. ಅವತ್ತು ಸ್ಟುಡಿಯೋದಲ್ಲಿ ನಾನೂ ಚೆನ್ನಾಗೇ ಜಾಡಿಸಿದ್ದೆ. ಅದನ್ನು ಅಂಗಡಿಯಮ್ಮನಿಗೆ ಸ್ವಲ್ಪ ಜಂಬದಿಂದಲೇ ಹೇಳಿದೆ.

"ನೋಡಿದ್ದೆ ಸಾರ್" ಅಂದರು. "ನೀವು ಬ್ರೇಕ್ ಅಂದ ತಕ್ಷಣ ಬಂತಲ್ಲ, ಅದೇ ಈ ಕ್ರೀಮು."